ತಾಳ, ಸ್ವರ ಎಣಿಸಿ ಸ್ವೆಟರ್ ಹೆಣೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ, ಯಾದಗಿರಿ ಕಡೆ ಉಲನ್ ಕಡ್ಡಿ ಹಿಡಿದು ಸೀದಾ–ಉಲ್ಟಾ ಹೆಣೆಯಲು ಬಲ್ಲವರು, ಜೊತೆಗೆ ಭಜನೆಯಲ್ಲೋ ತಬಲಾ ಕ್ಲಾಸಿನಲ್ಲೋ ತಾಳ ಹಾಕಲು ಕಲಿತವರು ಕೇಳುವ ಪ್ರಶ್ನೆಗಳಿವು. ಕುಣಿಕೆ ಎಂದರೆ ಕಡ್ಡಿಯ ಮೇಲಿನ ಒಂದು ಹೆಣಿಗೆ. ಮನೆ ಎಂದರೆ ಗ್ರಾಫ್ ಹಾಳೆಯ ಒಂದು ಚೌಕ. ಸಾದಾ ಹೆಣಿಗೆ ಎಂದರೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಈ ಮೂರು ಮಾತು ಕೆಳಗೆ ಎಲ್ಲ ಕಡೆ ಬರುತ್ತವೆ.

ಸಂಗೀತವನ್ನು ಹೆಣಿಗೆಗೆ ಇಳಿಸುವುದು ಅಂದರೆ ವೀಣೆ, ತಬಲಾ ಚಿತ್ರ ಹೆಣೆಯುವುದೇ?

ಅಲ್ಲ. ಚಿತ್ರ ಯಾರಾದರೂ ಹೆಣೆಯಬಹುದು. ಇಲ್ಲಿ ಹೆಣೆಯುವುದು ಎಣಿಕೆಯನ್ನು. ತಾಳಕ್ಕೆ ಇಷ್ಟು ಮಾತ್ರೆ, ಅಂದರೆ ಇಷ್ಟು ಎಣಿಕೆ, ಎಂದು ಗೊತ್ತಿದೆ, ಅದು ಮುಗಿದ ಕೂಡಲೇ ಮತ್ತೆ ಸಮ್‌ಗೆ, ಅಂದರೆ ಮೊದಲ ಮಾತ್ರೆಗೆ, ಬರುತ್ತದೆ. ಸ್ವೆಟರಿನ ಡಿಸೈನಿಗೂ ಇಷ್ಟು ಕುಣಿಕೆ ಎಂದು ಗೊತ್ತಿದೆ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಆವರ್ತನ ಎಂದು ತಬಲಾದವರು ಹೇಳುವುದನ್ನೇ ಹೆಣೆಯುವವರು ಕೈಯಲ್ಲಿ ಮಾಡುತ್ತಿರುತ್ತಾರೆ. ಹಾಗಾಗಿ ಒಂದು ಮಾತ್ರೆಗೆ ಒಂದು ಕುಣಿಕೆ ಕೊಟ್ಟರೆ ಅರ್ಧ ಕೆಲಸ ಮುಗಿಯಿತು.

ಎಲ್ಲವೂ ಬಟ್ಟೆಗೆ ಬರುವುದಿಲ್ಲ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು), ಗಮಕ (ಸ್ವರದ ಓಲಾಟ), ದನಿಯ ಬನಿ ಇವು ಮನೆಗಳಲ್ಲಿ ಕೂಡುವುದಿಲ್ಲ. ಮನೆ ಒಂದೋ ತುಂಬಿರುತ್ತದೆ, ಇಲ್ಲ ಖಾಲಿ ಇರುತ್ತದೆ. ತಾಳ, ಸ್ವರದ ಏರಿಳಿತ, ಲಯದ ಪಟ್ಟು ಈ ಮೂರು ಚೆನ್ನಾಗಿ ಬರುತ್ತವೆ. ಒಂದು ಬಟ್ಟೆಗೆ ಮೂರರಲ್ಲಿ ಒಂದನ್ನೇ ಆರಿಸಿರಿ. ಮೂರನ್ನೂ ತುರುಕಿದ ಡಿಸೈನು ಕಣ್ಣಿಗೆ ಗದ್ದಲವಾಗುತ್ತದೆ, ಯಾವುದೂ ಓದಲು ಬರುವುದಿಲ್ಲ.

ಮೊದಲ ಸಲ ಹಾಡಿನಿಂದ ಶುರು ಮಾಡಬೇಕೋ, ತಾಳದಿಂದಲೋ?

ತಾಳದಿಂದ. ಹಾಡಿಗೆ ಐದೋ ಏಳೋ ಸ್ವರ ಬೇಕು, ಎರಡು ಸಪ್ತಕ ಬೇಕು, ಗ್ರಾಫ್ ಬೇಕು. ತಾಳಕ್ಕೆ ಎರಡು ಬಣ್ಣ ಸಾಕು, ಬಾಯಲ್ಲಿ ಠೇಕಾ, ಅಂದರೆ ಆ ತಾಳದ ಬೋಲುಗಳ ಸಾಲು, ಇದ್ದರೆ ಹಾಳೆಯೂ ಬೇಡ. ಅದರಲ್ಲೂ ಝಪತಾಲದಿಂದ ಶುರು ಮಾಡಿರಿ. ಯಾಕೆ ಎಂಬುದು ಮುಂದಿನ ಉತ್ತರದಲ್ಲಿದೆ.

ಠೇಕಾವನ್ನು ಬಣ್ಣವಾಗಿ ಹೇಗೆ ಬರೆಯುವುದು?

ಪ್ರತಿ ಬೋಲಿಗೆ, ಅಂದರೆ ಧಾ, ನಾ ಎಂಬಂಥ ಪೆಟ್ಟಿನ ಹೆಸರಿಗೆ, ಒಂದು ಬಣ್ಣ ಕೊಡಲು ಹೋಗಬೇಡಿರಿ. ಒಂದೇ ಪ್ರಶ್ನೆ ಕೇಳಿಕೊಳ್ಳಿರಿ: ಈ ಮಾತ್ರೆಯಲ್ಲಿ ಡಗ್ಗಾ (ಎಡಗೈಯಲ್ಲಿ ಬಾರಿಸುವ ತಬಲಾ) ಗುಂಯ್ ಎನ್ನುತ್ತದೆಯೇ? ಧಾ, ಧಿನ್, ಧೀ, ಗೆ ಇವುಗಳಲ್ಲಿ ಡಗ್ಗಾದ ಅನುರಣನ ಇದೆ. ಗಾಢ ಬಣ್ಣ ಹಾಕಿರಿ. ತಾ, ತಿನ್, ತೀ, ನಾ, ತೂ ಇವು ಬಲಗೈ ಪೆಟ್ಟು, ತಿಳಿ ಬಣ್ಣ. ಕ, ಕತ್ ಎಂಬವು ಡಗ್ಗಾದ ಮೇಲೇ ಬೀಳುತ್ತವೆ, ಆದರೆ ಮುಚ್ಚಿದ ಪೆಟ್ಟು, ಗುಂಯ್ ಇಲ್ಲ. ಅವನ್ನೂ ತಿಳಿ ಬಣ್ಣಕ್ಕೇ ಸೇರಿಸಿರಿ. ಈ ಒಂದು ನಿಯಮದಿಂದ ತಾಳದ ಖಾಲಿ ಭಾಗ, ಅಂದರೆ ಚಪ್ಪಾಳೆಯ ಬದಲು ಕೈ ಬೀಸುವ ಭಾಗ, ತಾನಾಗಿಯೇ ಬೆಳಕಾಗಿ ಕಾಣುತ್ತದೆ. ಡಿಸೈನಿನ ಜೀವ ಇರುವುದೇ ಆ ಖಾಲಿಯಲ್ಲಿ.

● ಎಂದರೆ ಗಾಢ, ○ ಎಂದರೆ ತಿಳಿ, | ಎಂದರೆ ತಾಳದ ಒಂದು ಭಾಗ ಮುಗಿದ ಗುರುತು.

ದಾದರಾ, 6 ಮಾತ್ರೆ: ಧಾ ಧೀ ನಾ | ಧಾ ತೀ ನಾ
● ● ○ | ● ○ ○

ರೂಪಕ, 7 ಮಾತ್ರೆ: ತೀ ತೀ ನಾ | ಧೀ ನಾ | ಧೀ ನಾ
○ ○ ○ | ● ○ | ● ○

ಕೆಹರವಾ, 8 ಮಾತ್ರೆ: ಧಾ ಗೆ ನಾ ತಿ | ನಾ ಕ ಧಿ ನಾ
● ● ○ ○ | ○ ○ ● ○

ಝಪತಾಲ, 10 ಮಾತ್ರೆ: ಧೀ ನಾ | ಧೀ ಧೀ ನಾ | ತೀ ನಾ | ಧೀ ಧೀ ನಾ
● ○ | ● ● ○ | ○ ○ | ● ● ○

ಏಕತಾಲ, 12 ಮಾತ್ರೆ: ಧಿನ್ ಧಿನ್ | ಧಾಗೆ ತಿರಕಿಟ | ತೂ ನಾ | ಕತ್ ತಾ | ಧಾಗೆ ತಿರಕಿಟ | ಧೀ ನಾ
● ● | ● ○ | ○ ○ | ○ ○ | ● ○ | ● ○

ತೀನ್‌ತಾಲ್, 16 ಮಾತ್ರೆ: ಧಾ ಧಿನ್ ಧಿನ್ ಧಾ | ಧಾ ಧಿನ್ ಧಿನ್ ಧಾ | ಧಾ ತಿನ್ ತಿನ್ ತಾ | ತಾ ಧಿನ್ ಧಿನ್ ಧಾ
● ● ● ● | ● ● ● ● | ● ○ ○ ○ | ○ ● ● ●

ಝಪತಾಲ ನೋಡಿರಿ. ಒಂದೇ ಬಣ್ಣ ಒಟ್ಟಿಗೆ ಬರುವುದು ಹೆಚ್ಚೆಂದರೆ ಮೂರು ಕುಣಿಕೆ. ಹಿಂಬದಿಯಲ್ಲಿ ದಾರ ಉದ್ದಕ್ಕೆ ಜೋತಾಡುವ ಮಾತೇ ಇಲ್ಲ, ಅದಕ್ಕೇ ಹೊಸಬರಿಗೆ ಅದು. ರೂಪಕದಲ್ಲಿ 7, 1, 2, 3 ಸೇರಿ ನಾಲ್ಕು ತಿಳಿ ಕುಣಿಕೆ, ಅದೂ ಸಲೀಸು. ಸಮ್‌ನಲ್ಲೇ ಖಾಲಿ ಇರುವ ತಾಳ ಅದು, ಬಟ್ಟೆಯ ಮೇಲೂ ಶುರುವಾಗುವುದು ತಿಳಿ ಬಣ್ಣದಿಂದಲೇ. ಏಕತಾಲದಲ್ಲಿ ಒಂದು ತೊಡಕಿದೆ: ತಿರಕಿಟ ಎಂಬ ನಾಲ್ಕು ಬೋಲು ಒಂದೇ ಮಾತ್ರೆಯಲ್ಲಿ ಕೂತಿವೆ. ಅದನ್ನು ಬಿಡಿಸಿ ತೋರಿಸಬೇಕೆಂದರೆ ಮಾತ್ರೆಗೆ ನಾಲ್ಕು ಕುಣಿಕೆ ಕೊಡಬೇಕು, ಆವರ್ತನ 48 ಕುಣಿಕೆಯಾಗುತ್ತದೆ. ಸ್ವೆಟರಿನ ಎದೆಗೆ ಸರಿ, ಟೋಪಿಗೆ ದೊಡ್ಡದು.

ತೀನ್‌ತಾಲ್ ಹೆಣೆದರೆ ಹಿಂದೆ ದಾರ ಜೋತು ಬೀಳುತ್ತದೆ, ಬೆರಳು ಸಿಕ್ಕುತ್ತದೆ. ಏನು ಮಾಡಬೇಕು?

ಎರಡು ಬಣ್ಣದ ಹೆಣಿಗೆಯಲ್ಲಿ ಬಳಸದ ದಾರ ಹಿಂದೆ ಅಡ್ಡಕ್ಕೆ ಹಾಯುತ್ತದೆ. ಐದು ಕುಣಿಕೆ ದಾಟಿದರೆ ಅದನ್ನು ನಡುವೆ ಸಿಕ್ಕಿಸಬೇಕು. ತೀನ್‌ತಾಲ್‌ನಲ್ಲಿ ಗಾಢ ಬಣ್ಣ 14ನೇ ಮಾತ್ರೆಯಿಂದ ಹಿಡಿದು ಮುಂದಿನ ಆವರ್ತನದ 9ನೇ ಮಾತ್ರೆಯವರೆಗೆ ಬಿಡುವಿಲ್ಲದೆ 12 ಕುಣಿಕೆ ಓಡುತ್ತದೆ. ಅಷ್ಟೂ ದೂರ ತಿಳಿ ದಾರ ಹಿಂದೆ ಜೋತಿರುತ್ತದೆ.

ಸಮ್ ಮತ್ತು 5ನೇ ಮಾತ್ರೆಯಲ್ಲಿ, ಅಂದರೆ ಚಪ್ಪಾಳೆ ಬೀಳುವ ಎರಡು ಜಾಗದಲ್ಲಿ, ತಿಳಿ ದಾರವನ್ನು ಗಾಢ ದಾರದ ಮೇಲೆ ಒಮ್ಮೆ ದಾಟಿಸಿ ಸಿಕ್ಕಿಸಿರಿ. ಬಾಯಲ್ಲಿ ಠೇಕಾ ಹೇಳುತ್ತಿದ್ದರೆ ಕೈಗೆ ತಾನೇ ನೆನಪಾಗುತ್ತದೆ. ಆದರೆ ಸಾಲಿನ ಮೇಲೆ ಸಾಲು ಒಂದೇ ಕುಣಿಕೆಯ ಹಿಂದೆ ಸಿಕ್ಕಿಸಿದರೆ ಮುಂಬದಿಗೆ ತಿಳಿ ಬಣ್ಣದ ಗೆರೆ ಇಣುಕುತ್ತದೆ. ಆಗ ಒಂದು ಸಾಲಿನಲ್ಲಿ 1 ಮತ್ತು 5, ಮುಂದಿನ ಸಾಲಿನಲ್ಲಿ 16 ಮತ್ತು 4, ಹೀಗೆ ಬದಲಿಸಿರಿ.

ಇನ್ನೊಂದು ತಪ್ಪು ಬಿಗಿ. 12 ಕುಣಿಕೆ ದಾಟಿ ತಿಳಿ ದಾರ ಎತ್ತುವಾಗ ಜಗ್ಗಿದರೆ ಬಟ್ಟೆ ಮುದುಡುತ್ತದೆ, ಟೋಪಿ ತಲೆಗೆ ಹೋಗುವುದಿಲ್ಲ. ಎತ್ತುವ ಮೊದಲು ಬಲಗಡೆ ಕಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಹರಡಿರಿ, ಆಮೇಲೆ ಹೆಣೆಯಿರಿ. ಇಸ್ತ್ರಿ ಹಾಕಿದರೆ ಸರಿಹೋದೀತು ಎಂದು ನಂಬಬೇಡಿರಿ, ಹೋಗುವುದಿಲ್ಲ.

ಹೆಣೆದು ನೋಡಿದರೆ ತಾಳ ತಿರುವುಮುರುವಾಗಿದೆ. ಎಲ್ಲಿ ತಪ್ಪಿತು?

ತಪ್ಪಲ್ಲ, ದಿಕ್ಕು ಬೇರೆ. ನಾವು ಸ್ವರಲಿಪಿ ಬರೆಯುವುದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ. ಹೆಣಿಗೆ ನಡೆಯುವುದು ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ. ಮೊದಲ ಕುಣಿಕೆ ಬಟ್ಟೆಯ ಬಲತುದಿಯಲ್ಲಿ ಕೂಡುತ್ತದೆ. ಹೀಗಾಗಿ ಹೆಣೆದ ತಾಳವನ್ನು ಉರ್ದು ಓದಿದ ಹಾಗೆ ಓದಬೇಕು. ನಮ್ಮ ಮೂರೂ ಜಿಲ್ಲೆಗಳಲ್ಲಿ ಬಲದಿಂದ ಓದುವ ಕಣ್ಣು ಬಹಳ ಮಂದಿಗೆ ಇದೆ, ಅವರಿಗೆ ಇದು ಸಹಜವಾಗಿಯೇ ಕಾಣುತ್ತದೆ.

ಎಡದಿಂದಲೇ ಓದಿಸಬೇಕೆಂದರೆ ಗ್ರಾಫಿನಲ್ಲಿ ಎಡದಿಂದ ಬರೆದು, ಹೆಣೆಯುವಾಗ ಕೊನೆಯ ಮಾತ್ರೆಯಿಂದ ಹಿಂದಕ್ಕೆ ಬನ್ನಿರಿ. ಆಗ ಠೇಕಾವನ್ನು ಬಾಯಲ್ಲಿ ಹೇಳುತ್ತ ಹೆಣೆಯಲು ಬರುವುದಿಲ್ಲ, ಹಾಳೆ ನೋಡಬೇಕು. ನಮ್ಮ ಮತ: ತಾಳಕ್ಕೆ ಬಲದಿಂದಲೇ ಬಿಡಿರಿ, ಸ್ವರದ ಗ್ರಾಫಿಗೆ ಮಾತ್ರ ತಿರುಗಿಸಿರಿ.

ನೇರ ಕಡ್ಡಿಯಲ್ಲಿ ಹೆಣೆಯುವವರು ಇನ್ನೊಂದು ನೆನಪಿಡಬೇಕು. ಉಲ್ಟಾ ಸಾಲನ್ನು ಗ್ರಾಫಿನಲ್ಲಿ ಎಡದಿಂದ ಬಲಕ್ಕೆ ಓದಬೇಕು. ಇದನ್ನು ಮರೆತರೆ ಒಂದು ಸಾಲು ಬಿಟ್ಟು ಒಂದು ಸಾಲು ಕನ್ನಡಿಯಾಗಿ ಡಿಸೈನು ಚದುರುತ್ತದೆ. ಗೋಲ್ ಕಡ್ಡಿಯಲ್ಲಿ, ಅಂದರೆ ನಡುವೆ ವೈರ್ ಇರುವ ಸರ್ಕ್ಯುಲರ್ ಕಡ್ಡಿಯಲ್ಲಿ, ಈ ಕಾಟವೇ ಇಲ್ಲ. ಯಾವಾಗಲೂ ಸೀದಾ ಮುಖವೇ ಎದುರಿಗೆ.

ಪ್ರತಿ ಸಾಲಿನಲ್ಲೂ ಅದೇ ತಾಳ ಹೆಣೆದರೆ ಬರೀ ಉದ್ದ ಪಟ್ಟೆ ಬಂತು. ಡಿಸೈನು ಎಲ್ಲಿ?

ಆವರ್ತನದ ಮೇಲೆ ಆವರ್ತನ ನೆಟ್ಟಗೆ ಕೂತರೆ ಪಟ್ಟೆಯೇ ಆಗುವುದು. ಅದನ್ನು ಓರೆಯಾಗಿಸಲು ಒಂದು ಕುಣಿಕೆ ಸಾಕು.

ತೀನ್‌ತಾಲ್ ಟೋಪಿಗೆ 96 ಕುಣಿಕೆ ಹಾಕಿದರೆ ಸುತ್ತಿಗೆ ಸರಿಯಾಗಿ 6 ಆವರ್ತನ. 97 ಮಾಡಿರಿ. ಈಗ ಸುತ್ತು ಮುಗಿದಾಗ ಏಳನೆಯ ಆವರ್ತನದ ಸಮ್ ಹೆಣೆದು ಆಗಿರುತ್ತದೆ, ಎರಡನೇ ಸುತ್ತು 2ನೇ ಮಾತ್ರೆಯಿಂದ ಶುರು. ಪ್ರತಿ ಸುತ್ತಿಗೂ ಸಮ್ ಒಂದು ಕುಣಿಕೆ ಬಲಕ್ಕೆ ಸರಿಯುತ್ತ ಹೋಗಿ, 10ರಿಂದ 13ನೇ ಮಾತ್ರೆಯ ನಾಲ್ಕು ತಿಳಿ ಕುಣಿಕೆ ಓರೆ ಪಟ್ಟೆಯಾಗಿ ಟೋಪಿಯನ್ನು ಸುತ್ತುತ್ತವೆ. 16 ಸುತ್ತಿಗೆ ಸಮ್ ಒಂದು ಪೂರ್ತಿ ಆವರ್ತನ ಸರಿದು, 17ನೇ ಸುತ್ತು ಮೊದಲಿನ ಹಾಗೇ ಕೂಡುತ್ತದೆ. 95 ಕುಣಿಕೆ ಇಟ್ಟರೆ ಪಟ್ಟೆ ಎಡಕ್ಕೆ ಓರೆ.

ಇದರಿಂದ ಎರಡು ಲಾಭ ಪುಕ್ಕಟೆ ಸಿಗುತ್ತವೆ. ಗೋಲ್ ಹೆಣಿಗೆಯಲ್ಲಿ ಸುತ್ತು ಸೇರುವ ಕಡೆ ಡಿಸೈನು ಒಂದು ಮೆಟ್ಟಿಲು ಜಿಗಿದಂತೆ ಕಾಣುವುದುಂಟು. ಇಲ್ಲಿ ತಾಳ ನಿಲ್ಲದೆ ಸುರುಳಿಯಾಗಿ ಹೋಗುವುದರಿಂದ ಆ ಮೆಟ್ಟಿಲು ಇರುವುದಿಲ್ಲ. ಸಮ್ ಸರಿಯುತ್ತ ಹೋಗುವುದರಿಂದ ದಾರ ಸಿಕ್ಕಿಸುವ ಜಾಗವೂ ಸರಿಯುತ್ತದೆ. ಮೇಲೆ ಹೇಳಿದ ಬದಲಾವಣೆಯ ಲೆಕ್ಕ ಬೇಕಾಗುವುದಿಲ್ಲ.

ಪೂರ್ತಿ ಟೋಪಿಯ ಲೆಕ್ಕ ಕೊಡಿ.

ದೊಡ್ಡವರ ತಲೆ, 54–56 ಸೆಂ.ಮೀ. ಸುತ್ತಳತೆ. ಟೋಪಿ ತಲೆಗಿಂತ ಹತ್ತು ಪ್ರತಿಶತ ಚಿಕ್ಕದಿರಬೇಕು, ಇಲ್ಲವೆಂದರೆ ಜಾರುತ್ತದೆ. 10 ಸೆಂ.ಮೀ.ಗೆ 20 ಕುಣಿಕೆ, 24 ಸುತ್ತು ಬರುವ ಹಾಗೆ ಹೆಣೆದರೆ 96 ಕುಣಿಕೆ 48 ಸೆಂ.ಮೀ. ಆಗುತ್ತದೆ.

ಡಬಲ್ ನಿಟ್ಟಿಂಗ್ ದಪ್ಪದ ದಾರ: ಗಾಢ 75 ಗ್ರಾಂ, ತಿಳಿ 25 ಗ್ರಾಂ. ಗೋಲ್ ಕಡ್ಡಿ 40 ಸೆಂ.ಮೀ. ಉದ್ದದ್ದು ಎರಡು, 10 ನಂಬರ್ ಮತ್ತು 8 ನಂಬರ್. ನೆತ್ತಿಗೆ 8 ನಂಬರಿನ ಎರಡು ಮೊನೆಯ ಕಡ್ಡಿ ಐದು. ಸಮ್‌ನ ಗುರುತಿಗೆ ಬೇರೆ ಬಣ್ಣದ ದಾರದ ಉಂಗುರ.

10 ನಂಬರ್ ಕಡ್ಡಿಯಲ್ಲಿ ಗಾಢ ದಾರದಿಂದ 96 ಕುಣಿಕೆ ಹಾಕಿ, ತಿರುಚಿಕೊಳ್ಳದ ಹಾಗೆ ಸುತ್ತು ಸೇರಿಸಿರಿ. 2 ಸೀದಾ 2 ಉಲ್ಟಾ ಬಾರ್ಡರ್ 4 ಸೆಂ.ಮೀ. ಹೆಣೆಯಿರಿ. 8 ನಂಬರಿಗೆ ಬದಲಿಸಿ ಒಂದು ಸುತ್ತು ಸೀದಾ ಹೆಣೆಯುತ್ತ ಒಂದು ಕುಣಿಕೆ ಹೆಚ್ಚಿಸಿರಿ, 97 ಆಯಿತು. ತಿಳಿ ದಾರ ಜೋಡಿಸಿ ಠೇಕಾ ಶುರು ಮಾಡಿರಿ, 24 ಸುತ್ತು. ಆಮೇಲೆ ತಿಳಿ ದಾರ ಕತ್ತರಿಸಿ, ಗಾಢ ದಾರದಲ್ಲಿ ಒಂದು ಸುತ್ತು ಹೆಣೆಯುತ್ತ ಒಂದು ಕುಣಿಕೆ ಇಳಿಸಿ 96ಕ್ಕೆ ಬನ್ನಿರಿ. ನೆತ್ತಿಗೆ: 10 ಸೀದಾ, 2 ಕೂಡಿಸಿ ಒಂದು, ಹೀಗೆ 8 ಸಲ, 88 ಉಳಿಯುತ್ತವೆ. ಒಂದು ಸುತ್ತು ಸಾದಾ, ಅಂದರೆ ಇಳಿಸದೆ ಎಲ್ಲ ಸೀದಾ. ಮುಂದೆ 9 ಸೀದಾ, 2 ಕೂಡಿಸಿ, ಮತ್ತೆ ಸಾದಾ. ಐದು ಇಳಿಕೆಯವರೆಗೆ ನಡುವೆ ಸಾದಾ ಸುತ್ತು ಇರಲಿ, ಮುಂದಿನ ಆರು ಇಳಿಕೆ ಬಿಡುವಿಲ್ಲದೆ. ಕೊನೆಗೆ 8 ಕುಣಿಕೆ ಉಳಿದಾಗ ದಾರವನ್ನು ಸೂಜಿಗೆ ಪೋಣಿಸಿ ಅವುಗಳೊಳಗೆ ಎಳೆದು ಬಿಗಿದುಬಿಡಿ. ಎತ್ತರ ಸುಮಾರು 21 ಸೆಂ.ಮೀ. ಆಗುತ್ತದೆ.

ಝಪತಾಲಕ್ಕೆ 100 ಕುಣಿಕೆ ಹಾಕಿ 101 ಮಾಡಿರಿ, ರೂಪಕಕ್ಕೆ 98 ಹಾಕಿ 99. ರೂಪಕದ ಬಾರ್ಡರ್ 1 ಸೀದಾ 1 ಉಲ್ಟಾ ಇರಲಿ. 98 ನಾಲ್ಕರಿಂದ ಭಾಗವಾಗುವುದಿಲ್ಲ. ನೆತ್ತಿ ಶುರುವಾಗುವ ಮುಂಚೆ ಎರಡಕ್ಕೂ 96ಕ್ಕೆ ಇಳಿಸಿರಿ, ಮುಂದಿನದು ಅದೇ ಲೆಕ್ಕ.

ಕಡ್ಡಿಯ ನಂಬರಿನಲ್ಲಿ ಗೊಂದಲವಿದೆ.

ನಮ್ಮ ಅಂಗಡಿಗಳಲ್ಲಿ ಸಿಗುವುದು ಹಳೆಯ ಇಂಗ್ಲಿಷ್ ನಂಬರು: ನಂಬರ್ ಹೆಚ್ಚಾದಷ್ಟು ಕಡ್ಡಿ ತೆಳು. 8 ನಂಬರ್ ಎಂದರೆ 4 ಮಿ.ಮೀ., 10 ನಂಬರ್ 3.25 ಮಿ.ಮೀ., 12 ನಂಬರ್ 2.75 ಮಿ.ಮೀ. ಇಂಟರ್‌ನೆಟ್ಟಿನ ಅಮೆರಿಕದ ಪ್ಯಾಟರ್ನಿನಲ್ಲಿ 8 ಎಂದಿದ್ದರೆ ಅದು 5 ಮಿ.ಮೀ. ನಂಬರ್ ಕೇಳದೆ ಮಿ.ಮೀ. ಕೇಳಿರಿ.

ಗ್ರಾಫ್ ಹಾಳೆಯಲ್ಲಿ ಚೆಂದ ಇದ್ದದ್ದು ಸ್ವೆಟರಿನಲ್ಲಿ ಚಪ್ಪಟೆಯಾಯಿತು. ಯಾಕೆ?

ಕುಣಿಕೆ ಚೌಕವಲ್ಲ, ಅಗಲ ಹೆಚ್ಚು. ಸಾದಾ ಹೆಣಿಗೆಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ, 30 ಸಾಲು ಬಂದರೆ ಒಂದು ಕುಣಿಕೆಯ ಅಗಲ ಸುಮಾರು 4.5 ಮಿ.ಮೀ., ಎತ್ತರ 3.3 ಮಿ.ಮೀ. ಗ್ರಾಫಿನಲ್ಲಿ 16 × 16 ಮನೆಯ ಚೌಕ ಬಟ್ಟೆಯಲ್ಲಿ 7.3 ಸೆಂ.ಮೀ. ಅಗಲ, 5.3 ಸೆಂ.ಮೀ. ಎತ್ತರ ಆಗುತ್ತದೆ. ಎತ್ತರಕ್ಕೆ 22 ಸಾಲು ಕೊಟ್ಟರೆ ಚೌಕವಾಗುತ್ತದೆ.

ಎರಡು ಬಣ್ಣದ ಹೆಣಿಗೆಯಲ್ಲಿ ಕುಣಿಕೆ ಚೌಕಕ್ಕೆ ಹತ್ತಿರ ಬರುತ್ತದೆ. ಅದಕ್ಕೇ ಸ್ಯಾಂಪಲ್ ತುಂಡನ್ನು ಒಂದೇ ಬಣ್ಣದಲ್ಲಿ ಹೆಣೆದು ಅಳೆದರೆ ಲೆಕ್ಕ ತಪ್ಪುತ್ತದೆ. 15 ಸೆಂ.ಮೀ. ಚೌಕದ ತುಂಡನ್ನು ಎರಡೂ ಬಣ್ಣದಲ್ಲಿ ಹೆಣೆದು, ತೊಳೆದು, ಒಣಗಿಸಿ, ನಡುವಿನ 10 ಸೆಂ.ಮೀ. ಮಾತ್ರ ಎಣಿಸಿರಿ. ಗೋಲ್ ಹೆಣೆಯುವವರು ಸ್ಯಾಂಪಲ್ಲನ್ನೂ ಗೋಲ್ ಹೆಣೆಯಬೇಕು, ಉಲ್ಟಾ ಸಾಲಿನಲ್ಲಿ ಕೈಯ ಬಿಗಿ ಬೇರೆ ಇರುತ್ತದೆ.

ದುಗುನ್ (ಇಮ್ಮಡಿ ವೇಗ), ತಿಗುನ್ (ಮುಮ್ಮಡಿ ವೇಗ) ತೋರಿಸಬಹುದೇ?

ತೋರಿಸಬಹುದು, ಆದರೆ ಠಾಯ್ ಲಯಕ್ಕೆ, ಅಂದರೆ ಮೂಲ ವೇಗಕ್ಕೆ, ಮೊದಲೇ ಜಾಗ ಬಿಟ್ಟಿರಬೇಕು. ಅರ್ಧ ಕುಣಿಕೆ ಹೆಣೆಯಲು ಆಗುವುದಿಲ್ಲವಲ್ಲ! ದುಗುನ್ ಸಾಕೆಂದರೆ ಠಾಯ್‌ನಲ್ಲಿ ಮಾತ್ರೆಗೆ 2 ಕುಣಿಕೆ, ದುಗುನ್‌ನಲ್ಲಿ 1. ಚೌಗುನ್ (ನಾಲ್ಮಡಿ ವೇಗ) ಬೇಕೆಂದರೆ ಠಾಯ್‌ಗೆ 4, ದುಗುನ್‌ಗೆ 2, ಚೌಗುನ್‌ಗೆ 1. ತಿಗುನ್ ಕೂಡ ಬೇಕೆಂದರೆ 2ಕ್ಕೂ 3ಕ್ಕೂ ಸಲ್ಲುವ 6 ಕುಣಿಕೆ ಬೇಕು: ಠಾಯ್‌ಗೆ 6, ದುಗುನ್‌ಗೆ 3, ತಿಗುನ್‌ಗೆ 2. ತೀನ್‌ತಾಲ್‌ನ 16 ಮಾತ್ರೆ × 6 = 96, ಅಂದರೆ ಟೋಪಿಯ ಒಂದು ಸುತ್ತು ಒಂದೇ ಆವರ್ತನ. ಕೆಳಗೆ ಠಾಯ್, ಅದರ ಮೇಲೆ ದುಗುನ್, ಅದರ ಮೇಲೆ ತಿಗುನ್, ತಲಾ 6 ಸುತ್ತು ಹೆಣೆದರೆ ನೆತ್ತಿಗೆ ಹೋದಂತೆ ಡಿಸೈನು ಸಣ್ಣದಾಗುತ್ತ ಲಯ ಏರುವುದು ಕಣ್ಣಿಗೆ ಕಾಣುತ್ತದೆ. ಠಾಯ್‌ನಲ್ಲಿ ಗಾಢ ಓಟ 72 ಕುಣಿಕೆ ಎಂಬುದು ನೆನಪಿರಲಿ. ಪ್ರತಿ ನಾಲ್ಕೈದು ಕುಣಿಕೆಗೆ ಸಿಕ್ಕಿಸುತ್ತಲೇ ಹೋಗಬೇಕು.

ಸ್ವರಗಳನ್ನು ಹೆಣೆಯುವುದು ಹೇಗೆ? ಒಂದು ಉದಾಹರಣೆ ಬೇಕು.

ಭೂಪಾಲಿ ತೆಗೆದುಕೊಳ್ಳಿರಿ: ಸಾ ರೇ ಗ ಪ ಧ, ಮೇಲಿನ ಸಾ. ಐದೇ ಸ್ವರ, ಎಲ್ಲ ಶುದ್ಧ. ಗ್ರಾಫಿನಲ್ಲಿ ಅಡ್ಡಕ್ಕೆ ಕಾಲ, ಮೇಲಕ್ಕೆ ಸ್ವರ. ರಾಗದಲ್ಲಿ ಇಲ್ಲದ ಸ್ವರಕ್ಕೆ ಸಾಲು ಬಿಡಬೇಡಿರಿ. ಹನ್ನೆರಡು ಸ್ವರಕ್ಕೂ ಸಾಲು ಬಿಟ್ಟರೆ ಡಿಸೈನಿನಲ್ಲಿ ತೂತು ಬಿದ್ದಂತಾಗುತ್ತದೆ.

ಸ್ವರ ಇರುವ ಮನೆಗೆ ಮಾತ್ರ ಚುಕ್ಕೆ ಇಟ್ಟರೆ ಬಿಡಿ ಬಿಡಿ ಕುಣಿಕೆ, ಹಿಂದೆ ಉದ್ದ ಉದ್ದ ದಾರ. ಬದಲಿಗೆ ಸ್ವರದಿಂದ ಕೆಳಗಿನ ಮನೆಗಳನ್ನೆಲ್ಲ ತುಂಬಿರಿ. ಆಗ ಆರೋಹ ಗುಡ್ಡದಂತೆ ಏರುತ್ತದೆ, ಅವರೋಹ ಇಳಿಯುತ್ತದೆ.

ಈ ಪಲ್ಟಾ, ಅಂದರೆ ಸ್ವರಾಭ್ಯಾಸದ ಸಾಲು, ನೋಡಿರಿ: ಸಾರೇಗ ರೇಗಪ ಗಪಧ ಪಧಸಾ, ಇಳಿಯುವಾಗ ಸಾಧಪ ಧಪಗ ಪಗರೇ ಗರೇಸಾ. ಎತ್ತರ ಬರೆದರೆ:

1 2 3 2 3 4 3 4 5 4 5 6
6 5 4 5 4 3 4 3 2 3 2 1

ಒಟ್ಟು 24 ಕುಣಿಕೆ, ಆರು ಮೆಟ್ಟಿಲು. ಮೆಟ್ಟಿಲಿಗೆ ಎರಡು ಸಾಲಿನಂತೆ 12 ಸಾಲು. ಮೂರರ ಗುಂಪಾದ್ದರಿಂದ ದಾದರಾಕ್ಕೂ ಹೊಂದುತ್ತದೆ, 96ರ ಟೋಪಿಯಲ್ಲಿ ಸರಿಯಾಗಿ ನಾಲ್ಕು ಗುಡ್ಡ ಕೂಡುತ್ತವೆ. ಮೊದಲ ಮೂರು ಮೆಟ್ಟಿಲು ಎರಡು ಬಣ್ಣದಲ್ಲಿ ಆರಾಮಾಗಿ ಹೆಣೆಯಬಹುದು, ಗುಡ್ಡದ ನಡುವಿನ ಕಣಿವೆ 4 ಕುಣಿಕೆ ದಾಟುವುದಿಲ್ಲ. ನಾಲ್ಕನೆಯದರಲ್ಲಿ ಕಣಿವೆ 10 ಕುಣಿಕೆ, ಎರಡು ಕಡೆ ಸಿಕ್ಕಿಸಿರಿ. ಐದರಲ್ಲಿ 16, ಆರರಲ್ಲಿ 22. ಅಲ್ಲಿ ಹೆಣೆಯಲು ಹೋಗದೆ ಹಿನ್ನೆಲೆ ಬಣ್ಣ ಒಂದರಲ್ಲೇ ಹೆಣೆದು, ಆಮೇಲೆ ಮೊಂಡು ಮೊನೆಯ ಸೂಜಿಯಿಂದ ಕುಣಿಕೆಯ ದಾರಿಯಲ್ಲೇ ಗುಡ್ಡದ ಬಣ್ಣದ ದಾರ ಓಡಿಸಿ ತುಂಬಿರಿ. ಒಂದು ಗುಡ್ಡಕ್ಕೆ 16 ಕುಣಿಕೆ, ಟೋಪಿಗೆ 64. ಒಂದು ಸಂಜೆಯ ಕೆಲಸ.

ಕೋಮಲ, ತೀವ್ರ ಸ್ವರಕ್ಕೆ ಏನು ಗುರುತು?

ಭಾತಖಂಡೆ ಸ್ವರಲಿಪಿ ಪದ್ಧತಿಯಲ್ಲಿ ಕೋಮಲ (ತಗ್ಗಿಸಿದ) ಸ್ವರದ ಕೆಳಗೆ ಅಡ್ಡಗೆರೆ, ತೀವ್ರ (ಏರಿಸಿದ) ಮಧ್ಯಮದ ಮೇಲೆ ನೆಟ್ಟಗೆರೆ. ಸೀದಾ ಮುಖದಲ್ಲಿ ಒಂದು ಉಲ್ಟಾ ಕುಣಿಕೆ ಹೆಣೆದರೆ ಅದೂ ಅಡ್ಡಗೆರೆಯಂತೆ ಉಬ್ಬುತ್ತದೆ. ಕೋಮಲಕ್ಕೆ ಅದನ್ನೇ ಬಳಸಿರಿ. ಉಲ್ಟಾ ಕುಣಿಕೆಯ ಕೆಳಗಿನದೂ ಅದೇ ಬಣ್ಣದ್ದಾಗಿರಬೇಕು, ಇಲ್ಲವೆಂದರೆ ಉಬ್ಬಿನಲ್ಲಿ ಎರಡೂ ಬಣ್ಣ ಬೆರೆತು ಕೊಳೆಯಾದಂತೆ ಕಾಣುತ್ತದೆ. ತೀವ್ರ ಮಧ್ಯಮಕ್ಕೆ ಹಿಂದಿನ ಸಾಲಿನ ಕುಣಿಕೆಯನ್ನು ಹೆಣೆಯದೆ ದಾಟಿಸಿದರೆ ಅದು ಉದ್ದವಾಗಿ ನೆಟ್ಟಗೆ ನಿಲ್ಲುತ್ತದೆ.

ಎರಡೇ ಬಣ್ಣ ಬೇಡ, ಸ್ವರಕ್ಕೊಂದು ಬಣ್ಣ ಬೇಕು.

ಹಾಗಾದರೆ ಮಫ್ಲರ್ ಹೆಣೆಯಿರಿ, ಎಲ್ಲ ಸಾಲೂ ಸೀದಾ ಇರುವ ಗಾರ್ಟರ್ ಹೆಣಿಗೆಯಲ್ಲಿ. ಸಾದಾ ಹೆಣಿಗೆ ಅಂಚಿನಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ, ಇದು ಸುತ್ತುವುದಿಲ್ಲ. ಒಂದು ಮಾತ್ರೆಗೆ ಎರಡು ಸಾಲು, ಅಂದರೆ ಒಂದು ಏಣು. ಒಂದೇ ಸಾಲು ಕೊಟ್ಟರೆ ದಾರ ಆಚೆ ತುದಿಯಲ್ಲಿ ಉಳಿದುಬಿಡುತ್ತದೆ, ಬೇಕಾದಾಗ ಕೈಗೆ ಸಿಗುವುದಿಲ್ಲ.

44 ಕುಣಿಕೆ ಹಾಕಿದರೆ 20 ಸೆಂ.ಮೀ. ಅಗಲ. 10 ಸೆಂ.ಮೀ.ಗೆ 22 ಏಣು ಬಂದರೆ ತೀನ್‌ತಾಲ್‌ನ 24 ಆವರ್ತನ, ಅಂದರೆ 384 ಏಣು, 174 ಸೆಂ.ಮೀ. ಉದ್ದವಾಗುತ್ತದೆ. ಒಟ್ಟು ದಾರ 200–250 ಗ್ರಾಂ. ಸ್ವರ ಎಷ್ಟು ಮಾತ್ರೆ ನಿಲ್ಲುತ್ತದೋ ಅಷ್ಟು ಏಣು ಅದೇ ಬಣ್ಣ. ಐದು ಸ್ವರದ ರಾಗವನ್ನೇ ಆರಿಸಿರಿ. ಏಳು ಉಂಡೆ ಒಂದೇ ಅಂಚಿನಲ್ಲಿ ಸಿಕ್ಕಾಗುವುದನ್ನು ಬಿಡಿಸುತ್ತ ಕೂತರೆ ಹೆಣಿಗೆ ಮುಂದೆ ಹೋಗುವುದಿಲ್ಲ. ಬಳಸದ ದಾರವನ್ನು ಪ್ರತಿ ಎರಡು ಸಾಲಿಗೆ ಅಂಚಿನಲ್ಲಿ ಒಮ್ಮೆ ತಿರುಚಿ ಮೇಲಕ್ಕೆ ಒಯ್ಯಿರಿ. ಎಂಟು ಸಾಲು ದಾಟಿಯೂ ಬರದಿದ್ದರೆ ಕತ್ತರಿಸಿರಿ.

ಭಜನೆ, ಕವ್ವಾಲಿ, ಹಲಗೆಯ ಪೆಟ್ಟಿಗೆ ಬರೆದ ಠೇಕಾ ಇಲ್ಲ. ಅವನ್ನು ಹೇಗೆ?

ಭಜನೆಯ ಪದಗಳಲ್ಲಿ ಬಹಳಷ್ಟು ಕೆಹರವಾ ಇಲ್ಲವೇ ದಾದರಾದಲ್ಲೇ ನಡೆಯುತ್ತವೆ, ಕವ್ವಾಲಿಯಲ್ಲೂ ಕೆಹರವಾದ ಚಾಲು ಹೆಚ್ಚು. ಉರುಸಿನಲ್ಲೋ ಜಾತ್ರೆಯಲ್ಲೋ ಕೂತಾಗ ಚಪ್ಪಾಳೆ ಎಲ್ಲಿ ಬೀಳುತ್ತದೆ ಎಂದು ಗಮನಿಸಿ, ಎರಡು ಚಪ್ಪಾಳೆಯ ನಡುವೆ ಬೆರಳಲ್ಲಿ ಎಣಿಸಿರಿ.

ಮೊಹರಂನ ಹಲಗೆಯಂಥ ವೇಗದ ಪೆಟ್ಟಿಗೆ ಕಿವಿ ಸಾಲದು. ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಅರ್ಧ ವೇಗದಲ್ಲಿ ಕೇಳಿರಿ. ಹಾಳೆಯಲ್ಲಿ 16 ಮನೆ ಗೀಚಿ, ದೊಡ್ಡ ಪೆಟ್ಟಿಗೆ ●, ಸಣ್ಣದಕ್ಕೂ ಬಿಡುವಿಗೂ ○ ಹಾಕಿರಿ. ಅದೇ ಸಾಲು ನಾಲ್ಕು ಸಲ ಹೊಂದಿದರೆ ಆವರ್ತನ ಸಿಕ್ಕಿತು. ಹೊಂದದಿದ್ದರೆ 12 ಮನೆಯಲ್ಲಿ ಬರೆದು ನೋಡಿರಿ. ಬಾರಿಸುವವರನ್ನೇ ಕೇಳುವುದು ಎಲ್ಲಕ್ಕಿಂತ ಒಳ್ಳೆಯದು. ಬಾಯಲ್ಲಿ ಬೋಲು ಹೇಳಿಕೊಡುತ್ತಾರೆ.

ಕಂಪ್ಯೂಟರಿನಲ್ಲಿ ಕಾಣುವ ದನಿಯ ಅಲೆಯನ್ನೇ ಹೆಣೆದರೆ?

ಆಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಹಾಡು ತೆರೆದರೆ ಅಲೆ ಕಾಣುತ್ತದೆ. ಮೂರು ನಿಮಿಷದ ಹಾಡನ್ನು 60 ಕುಣಿಕೆಗೆ ಹಂಚಿದರೆ ಕುಣಿಕೆಗೆ 3 ಸೆಕೆಂಡು. ಪ್ರತಿ 3 ಸೆಕೆಂಡಿನ ಅತಿ ಎತ್ತರವನ್ನು 1ರಿಂದ 12ರವರೆಗಿನ ಸಾಲಾಗಿ ಬರೆದುಕೊಳ್ಳಿರಿ. ಕೆಲಸ ಸುಲಭ, ಫಲ ಮಾತ್ರ ಬಹಳ ಸಲ ಸಪ್ಪೆ. ಈಗಿನ ರೆಕಾರ್ಡಿಂಗುಗಳಲ್ಲಿ ಸದ್ದನ್ನು ಒಂದೇ ಮಟ್ಟಕ್ಕೆ ಒತ್ತಿರುತ್ತಾರೆ, ಅಲೆಯ ಬದಲು ಇಟ್ಟಿಗೆ ಕಾಣುತ್ತದೆ. ಹಾರ್ಮೋನಿಯಂ, ಏಕತಾರಿ ನಿರಂತರ ನುಡಿಯುವ ಹಾಡಿನಲ್ಲೂ ಹಾಗೇ. ಒಂಟಿ ದನಿಯ ಆಲಾಪಕ್ಕೆ, ಮಗುವಿನ ತೊದಲು ಹಾಡಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ.

ಹೆಣಿಗೆ ಮಷೀನಿನಲ್ಲಿ ಬರುತ್ತದೆಯೇ?

ಮನೆಬಳಕೆಯ ಪಂಚ್‌ಕಾರ್ಡ್ ಮಷೀನಿನಲ್ಲಿ ಕಾರ್ಡಿನ ಅಗಲ 24 ಕುಣಿಕೆ. ಹಾಗಾಗಿ 24ನ್ನು ಭಾಗಿಸುವ ತಾಳಗಳೇ ಕೂಡುತ್ತವೆ: ದಾದರಾ 6, ಕೆಹರವಾ 8, ಏಕತಾಲ 12. ಮೇಲಿನ ಭೂಪಾಲಿ ಪಲ್ಟಾ ಒಂದು ಮನೆಯೂ ಉಳಿಯದ ಹಾಗೆ ಕೂಡುತ್ತದೆ. ತೀನ್‌ತಾಲ್, ಝಪತಾಲ, ರೂಪಕ ಅಡ್ಡಕ್ಕೆ ಕೂಡುವುದಿಲ್ಲ. ಅವನ್ನು ಮೇಲಕ್ಕೆ ತಿರುಗಿಸಿರಿ, ಕಾರ್ಡಿನ ಉದ್ದಕ್ಕೆ ಮಾತ್ರೆ, ಅಡ್ಡಕ್ಕೆ ಸ್ವರ. 48 ಸಾಲಿನ ಕಾರ್ಡಿಗೆ ತೀನ್‌ತಾಲ್‌ನ ಮೂರು ಆವರ್ತನ.

ತೂತು ಇದ್ದಲ್ಲಿ ಎರಡನೆಯ ಬಣ್ಣ. ಮಷೀನಿನಲ್ಲಿ ನಿಮ್ಮ ಎದುರಿಗೆ ಇರುವುದು ಬಟ್ಟೆಯ ಉಲ್ಟಾ ಮುಖ. ಎರಡು ಆವರ್ತನ ಹೆಣೆದು ತಿರುಗಿಸಿ ನೋಡಿ ಮುಂದುವರಿಯಿರಿ. ಬ್ರದರ್ ಕಂಪನಿಯ ಹಳೆಯ ಎಲೆಕ್ಟ್ರಾನಿಕ್ ಮಷೀನುಗಳಲ್ಲಿ 24ರ ಈ ಕಟ್ಟು ಇಲ್ಲ. 200 ಸೂಜಿಯಲ್ಲಿ ಬೇಕಾದ ಅಗಲ ಇಡಬಹುದು. ಆಯಾಬ್ ಎಂಬ ಮುಕ್ತ ತಂತ್ರಾಂಶದಿಂದ ಕಂಪ್ಯೂಟರಿನ ಚಿತ್ರವನ್ನೇ ಅವಕ್ಕೆ ಕಳಿಸಲು ಬರುತ್ತದೆ.

ನಮ್ಮ ಬಿಸಿಲಿಗೆ ಸ್ವೆಟರ್ ಯಾಕೆ? ಯಾವ ದಾರ ತಗೋಬೇಕು?

ಡಿಸೆಂಬರ್, ಜನವರಿಯ ಬೆಳಗಿನ ಥಂಡಿಗೆ ಬೇಕೇ ಬೇಕು, ಎತ್ತರದಲ್ಲಿರುವ ಬೀದರದಲ್ಲಿ ಇನ್ನೂ ಹೆಚ್ಚು. ಆದರೆ ಎರಡು ಬಣ್ಣದ ಹೆಣಿಗೆ ಎರಡು ಪದರದಷ್ಟು ಬೆಚ್ಚಗಿರುತ್ತದೆ. ಕಲಬುರಗಿ, ಯಾದಗಿರಿಗೆ ಪೂರ್ತಿ ಸ್ವೆಟರಿಗಿಂತ ತೋಳಿಲ್ಲದ ಸ್ವೆಟರ್, ಟೋಪಿ, ಮಫ್ಲರ್ ಸಾಕು. ಅಕ್ರಿಲಿಕ್ ಅಗ್ಗ, ಮನೆಯಲ್ಲೇ ತೊಳೆಯಬಹುದು, ಹುಳು ಹಿಡಿಯುವುದಿಲ್ಲ. ಕಲಿಯುವಾಗ ಅದೇ ಇರಲಿ. ಹತ್ತಿ ದಾರ ಬೇಸಿಗೆಗೆ ಹಿತ, ಆದರೆ ಅದಕ್ಕೆ ಜಗ್ಗುವ ಗುಣ ಕಡಿಮೆ, ಬಿಗಿ ತಪ್ಪಿದ ಪ್ರತಿ ಕುಣಿಕೆಯೂ ಕಾಣುತ್ತದೆ. ಹತ್ತಿಯಲ್ಲಿ ಝಪತಾಲ, ದಾದರಾದಂಥ ಸಣ್ಣ ಓಟದ ತಾಳಗಳನ್ನೇ ಹೆಣೆಯಿರಿ. ಬೇಕಾದ ದಾರವೆಲ್ಲ ಒಂದೇ ಸಲ, ಒಂದೇ ಲಾಟ್ ನಂಬರಿನದು ತಗೊಳ್ಳಿರಿ. ಆಮೇಲೆ ತಂದ ಕಪ್ಪಿಗೂ ಮೊದಲಿನ ಕಪ್ಪಿಗೂ ವ್ಯತ್ಯಾಸ ಎದ್ದು ಕಾಣುತ್ತದೆ.

ಕಂಬಳಿ ಉಣ್ಣೆಯಲ್ಲಿ ಹೆಣೆಯಬಹುದೇ?

ದಖನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ಟೋಪಿಗೆ, ಮಕ್ಕಳ ಬಟ್ಟೆಗೆ ಬೇಡ. ಹೆಗಲ ಚೀಲಕ್ಕೆ, ತಬಲಾದ ಗವಸಿಗೆ ಗಟ್ಟಿಮುಟ್ಟು. ಕುರಿಯ ಸ್ವಂತ ಕಪ್ಪು, ಬಿಳಿ ಬಣ್ಣವೇ ಗಾಢ–ತಿಳಿ ಜೋಡಿಯಾಗುತ್ತದೆ.

ಬಣ್ಣದ ಜೋಡಿ ಹೇಗೆ ಆರಿಸುವುದು?

ಬಿದರಿ ಪಾತ್ರೆ ನೋಡಿರಿ. ಕಪ್ಪಿನ ಮೇಲೆ ಬೆಳ್ಳಿ, ಎರಡೇ ಬಣ್ಣ, ಎಷ್ಟು ಸಣ್ಣ ಬಳ್ಳಿಯಾದರೂ ದೂರದಿಂದ ಕಾಣುತ್ತದೆ. ಕಪ್ಪು ಮತ್ತು ತಿಳಿ ಬೂದು ದಾರ ಅದಕ್ಕೆ ಹತ್ತಿರ. ಬೇರೆ ಜೋಡಿ ಬೇಕೆಂದರೆ ಎರಡು ಉಂಡೆ ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು–ಬಿಳುಪು ಫೋಟೊ ತೆಗೆಯಿರಿ. ಎರಡೂ ಒಂದೇ ಬೂದಿಯಾಗಿ ಕಂಡರೆ ಬಿಡಿರಿ. ಕೆಂಪು ಮತ್ತು ಹಸಿರು ಅಂಗಡಿಯಲ್ಲಿ ಎಷ್ಟು ಬೇರೆ ಕಂಡರೂ ಈ ಪರೀಕ್ಷೆಯಲ್ಲಿ ಬಹಳ ಸಲ ಸೋಲುತ್ತವೆ.

ಹೆಣೆಯುವಾಗ ಕೆಳಗಿನಿಂದ ಹಾಯುವ ದಾರದ ಕುಣಿಕೆ ಸ್ವಲ್ಪ ದೊಡ್ಡದಾಗಿ ಎದ್ದು ಕಾಣುತ್ತದೆ. ಖಾಲಿ ಎದ್ದು ಕಾಣಬೇಕು, ಆದ್ದರಿಂದ ತಿಳಿ ದಾರವನ್ನು ಯಾವಾಗಲೂ ಕೆಳಗಿನಿಂದ ಒಯ್ಯಿರಿ. ನಡುವೆ ಅದಲುಬದಲು ಮಾಡಿದರೆ ಒಂದು ಸುತ್ತು ಮಸುಕು, ಒಂದು ಸುತ್ತು ಚೂಪು ಆಗುತ್ತದೆ.

ದೇವರ ಪದ ಹೆಣೆಯುವುದು ಸರಿಯೇ?

ತಾಳ ಯಾರ ಸ್ವತ್ತೂ ಅಲ್ಲ, ಎಲ್ಲಿ ಬೇಕಾದರೂ ಹೆಣೆಯಿರಿ. ಆದರೆ ವಚನದ ಅಂಕಿತ, ಕಲಮಾ, ಗುರುಬಾಣಿಯ ಅಕ್ಷರಗಳನ್ನು ಕಾಲುಚೀಲ, ಆಸನ, ಕಾಲೊರೆಸುವ ಚಾಪೆಯ ಮೇಲೆ ತರಬೇಡಿರಿ. ಅಕ್ಷರ ಬಿಟ್ಟು ಅದರ ಲಯವನ್ನಷ್ಟೇ ಹೆಣೆದರೆ ಬಟ್ಟೆಯೂ ಚೆಂದ, ಯಾರ ಮನಸ್ಸಿಗೂ ನೋವಿಲ್ಲ.

ಹೆಣೆದು ಮಾರಬಹುದೇ?

ಠೇಕಾ, ಪಲ್ಟಾ, ರಾಗದ ಆರೋಹ–ಅವರೋಹಕ್ಕೆ ಯಾರ ಅಪ್ಪಣೆಯೂ ಬೇಡ. ಹೆಸರು ಗೊತ್ತಿರುವ ಸಂಯೋಜಕರ ಧಾಟಿಯಾದರೆ, ಭಾರತದ ಕಾಯ್ದೆಯ ಪ್ರಕಾರ ಹಕ್ಕು ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಸಿನಿಮಾ ಹಾಡಿನ ಧಾಟಿಯನ್ನು ಮನೆಯವರಿಗೆ ಹೆಣೆಯುವುದು ಬೇರೆ. ಅದರ ಹೆಸರು ಹಾಕಿ ಮಾರುವ ಮೊದಲು ಒಪ್ಪಿಗೆ ಪಡೆಯಿರಿ.

ತೊಳೆಯುವುದು, ಇಸ್ತ್ರಿ?

ಕಪ್ಪು ದಾರ ಬಣ್ಣ ಬಿಡುತ್ತದೆಯೇ ಎಂದು ಹೆಣೆಯುವ ಮೊದಲೇ ನೋಡಿರಿ: ಒಂದು ಮೊಳ ದಾರವನ್ನು ಬೆಚ್ಚಗಿನ ನೀರಲ್ಲಿ ಬಿಳಿ ಬಟ್ಟೆಯ ತುಂಡಿನ ಜೊತೆ ಅರ್ಧ ತಾಸು ನೆನೆಸಿಡಿರಿ. ಹೆಣೆದ ಬಟ್ಟೆಯನ್ನು ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿರಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ತಾಳವೆಲ್ಲ ಉದ್ದವಾಗುತ್ತದೆ. ಅಕ್ರಿಲಿಕ್ ಮೇಲೆ ಬಿಸಿ ಇಸ್ತ್ರಿ ಇಡಲೇಬೇಡಿರಿ. ಎಳೆ ಕರಗಿ ಚಪ್ಪಟೆಯಾಗುತ್ತದೆ, ಬಟ್ಟೆ ಸೋತು ಜೋತು ಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.